ಪಡಸಾಲೆಯಲ್ಲಿ ರೆಸ್ಟ್ ಅವರ್

ಹಗರಿಬೊಮ್ಮನಹಳ್ಳಿಯ ಮೂಳೆ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ನಾಲ್ಕು ಸಾಲುಗಳಿದ್ದವು. ಮೊದಲ ಮೂರು ಸಾಲು ಮಾತ್ರೆಗಳ ಹೆಸರು. ನಾಲ್ಕನೆಯದು ಒಂದೇ ಪದ, ರೆಸ್ಟ್. ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಔಷಧದ ಅಂಗಡಿಯವನು ಪೆನ್ನಿನಿಂದ ಒಂದೊಂದೇ ಸಾಲಿಗೆ ಗುರುತು ಹಾಕುತ್ತ ಬಂದವನು ನಾಲ್ಕನೆಯದಕ್ಕೆ ನಿಂತ.

"ಇದೊಂದು ನಮ್ಮಲ್ಲಿ ಸ್ಟಾಕ್ ಇಲ್ರಿ ಅಮ್ಮಾರ, ಮನ್ಯಾಗ ತಗೊಳ್ರಿ," ಅಂದ.

ನಾನು ನಕ್ಕೆ. ನನ್ನ ನೆಗೆಣ್ಣಿ ನಗಲಿಲ್ಲ. ಬಲಗೈಗೆ ಮೊಣಕೈವರೆಗೆ ಹಸಿ ಪ್ಲಾಸ್ಟರು, ಅದನ್ನು ಹೊತ್ತ ಜೋಲಿ ಕೊರಳಲ್ಲಿ. ಬಲಗೈಯ ಹಸಿರು ಬಳೆಗಳನ್ನೂ ಎಡಗೈಗೇ ಏರಿಸಿಕೊಂಡು ನಿಂತಿದ್ದಳು.

"ಅದನ್ನ ದಿನಕ್ಕ ಎಷ್ಟು ಸಲ ತಗೋಬೇಕಕ್ಕ? ಉಂಡ ಮ್ಯಾಲೋ, ಉಣ್ಣೂಕಿಂತ ಮೊದ್ಲೋ?"

ತಮಾಷೆ ಮಾಡುತ್ತಿದ್ದಾಳೋ ನಿಜವಾಗಿಯೂ ಕೇಳುತ್ತಿದ್ದಾಳೋ ತಿಳಿಯಲಿಲ್ಲ. ನಲವತ್ತೈದು ವರ್ಷದಿಂದ ಅವಳ ವಿಷಯದಲ್ಲಿ ನನಗೆ ಅದು ತಿಳಿದೇ ಇಲ್ಲ.

ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಈಗ ಅರವತ್ತೊಂಬತ್ತು. ಇಬ್ಬರೂ ಒಂದೇ ವರ್ಷ ಕೊಟ್ಟೂರಿನ ಈ ಮನೆಗೆ ಸೊಸೆಯರಾಗಿ ಬಂದೆವು. ನನ್ನ ಯಜಮಾನರು ಹೋಗಿ ಎಂಟು ವರ್ಷವಾಯಿತು. ಮನೆಯಲ್ಲಿ ಈಗ ನಾನು, ಅವಳು, ನನ್ನ ಮೈದುನ, ಮೂವರೇ ಹಳಬರು. ಅಂಗಡಿ ನೋಡಿಕೊಳ್ಳುವ ಅವಳ ಮಗ, ಸೊಸೆ, ಮಕ್ಕಳು ಮಹಡಿಯ ಮೇಲೆ. ಮೇ ತಿಂಗಳ ಒಂದು ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಬಂಡೆಯ ಮೇಲೆ ಕಾಲು ಜಾರಿ ಬಿದ್ದು ಅವಳು ಬಲಗೈ ಮಣಿಕಟ್ಟು ಮುರಿದುಕೊಂಡಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ದಾವಣಗೆರೆ ಕಡೆಯ ಮಾತು. ಎಕ್ಸ್‌ರೇ ಬೆಳಕಿಗೆ ಹಿಡಿದು ಹೇಳಿದ್ದರು: "ಅಜ್ಜಿ, ಆರು ವಾರ ಈ ಕೈ ನಿಮ್ದಲ್ಲ ಅಂತ ತಿಳ್ಕೊಳ್ಳಿ. ಮೂಳೆ ಸರಿದು ಅಡ್ಡಾದಿಡ್ಡಿ ಕೂತ್ರೆ ಮಣಿಕಟ್ಟು ಮಡಚೋಕೆ ಬರಲ್ಲ. ಆಮೇಲೆ ರೊಟ್ಟಿ ಬಡಿಯೋದು ಮರ್ತುಬಿಡಿ."

ಮುರಿದ ಕೈ ನೇರ ಮಾಡುವಾಗಲೂ ಕೂಗದಿದ್ದವಳ ಮುಖ ಆಗ ಬಿಳಚಿಕೊಂಡಿತು.

ಯಾಕೆಂದು ನಮ್ಮ ಓಣಿಗೆಲ್ಲ ಗೊತ್ತು. ಅವಳ ಜೋಳದ ರೊಟ್ಟಿ ದೀಪಕ್ಕೆ ಹಿಡಿದರೆ ಬೆಳಕು ಆಚೆ ಕಾಣುವಷ್ಟು ತೆಳು. ಬೆಳಿಗ್ಗೆ ಏಳಕ್ಕೆ ಅವಳ ಕೈ ಹಲಗೆಯ ಮೇಲೆ ಪಟಪಟ ಅಂದರೆ ಎದುರುಮನೆಯವರು ಮಕ್ಕಳನ್ನು ಎಬ್ಬಿಸುತ್ತಾರೆ. ಹೆಣ್ಣು ನೋಡಲು ಬಂದವರಿಗೆ, ಸತ್ತವರ ಮನೆಗೆ, ಬಾಣಂತಿಯ ತಾಟಿಗೆ, ಎಲ್ಲಕ್ಕೂ ಅವಳ ರೊಟ್ಟಿ. ಹಗರಿಬೊಮ್ಮನಹಳ್ಳಿಯಿಂದ ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪ್ಲಾಸ್ಟರನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಅವಳು ಹೇಳಿದ್ದು ಇಷ್ಟೇ:

"ಕಾಲು ಕುಂಟಾಗಿದ್ರ ನಡೀತಿತ್ತಕ್ಕ. ರೊಟ್ಟಿ ಬಡಿಯಾಕ ಬರದಂಗ ಆದ್ರ ಆ ಮನ್ಯಾಗ ನಾ ಯಾರು?"

"ಡೋಂಟ್ ಟಾಕ್ ನಾನ್‌ಸೆನ್ಸ್" ಅಂದೆ. ಕಣ್ಣಲ್ಲಿ ನೀರು ಬಂದಾಗ ನನಗೆ ಇಂಗ್ಲಿಷ್ ಬರುತ್ತದೆ.

*

ರೆಸ್ಟ್ ಎಂಬ ಪದವನ್ನು ನಾನು ಕಲಿತದ್ದು ಬಳ್ಳಾರಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ. ಮಧ್ಯಾಹ್ನದ ಊಟವಾದ ಮೇಲೆ ರೆಸ್ಟ್ ಅವರ್. ಉದ್ದನೆಯ ಕೋಣೆ, ಎರಡು ಸಾಲು ಕಬ್ಬಿಣದ ಮಂಚ. ಬಿಳಿ ಬಟ್ಟೆಯ ಸಿಸ್ಟರ್ ಕೈಗಂಟೆ ಬಾರಿಸಿ "ಐಸ್ ಶಟ್, ಮೌತ್ಸ್ ಶಟ್" ಎನ್ನುತ್ತ ಸದ್ದಿಲ್ಲದ ಚಪ್ಪಲಿಯಲ್ಲಿ ಆಚೆಯಿಂದೀಚೆ ನಡೆಯುತ್ತಿದ್ದರು. ಕಣ್ಣಿನ ಸಂದಿಯಿಂದ ನೋಡಿದರೂ ಹಿಡಿಯುತ್ತಿದ್ದರು. ಗಣಿತದ ಹಾಗೆ, ಹೊಲಿಗೆಯ ಹಾಗೆ ಅದೂ ಒಂದು ಪಾಠ. ಆಗ ನಾನು ಅದನ್ನು ಎಷ್ಟು ದ್ವೇಷಿಸುತ್ತಿದ್ದೆ! ಕಿಟಕಿಯಾಚೆ ಬೇವಿನ ಮರದಲ್ಲಿ ಅಳಿಲು ಓಡಾಡುವುದು ಕೇಳುತ್ತಿತ್ತು, ನಾವು ಮಾತ್ರ ಹೆಣಗಳ ಹಾಗೆ ಮಲಗಿರಬೇಕು. ಈಗ ಯಾರಾದರೂ ಆ ಕಬ್ಬಿಣದ ಮಂಚ, ಆ ಒಂದು ತಾಸು, ಆ ಅಳಿಲಿನ ಸದ್ದು ಮೂರನ್ನೂ ವಾಪಸು ಕೊಡುತ್ತೇನೆ ಅಂದರೆ ಬರಿಗಾಲಲ್ಲಿ ಬಳ್ಳಾರಿಗೆ ನಡೆದೇನು.

ಮದುವೆಯಾಗಿ ಕೊಟ್ಟೂರಿಗೆ ಬಂದ ಎರಡನೆಯ ದಿನ ಉಂಡು ಕೈತೊಳೆದು, "ನಾನು ಸ್ವಲ್ಪ ರೆಸ್ಟ್ ತಗೋತೀನಿ" ಎಂದು ಹೇಳಿ ಕೋಣೆಗೆ ಹೋಗಿ ಮಲಗಿದೆ. ಅಡುಗೆಮನೆಯಲ್ಲಿ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಅತ್ತೆಯವರು ಬಂದು ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಯಾವುದಕ್ಕೂ ಇರಲಿ ಎಂದು ದೇವರಕೋಣೆಯಿಂದ ವಿಭೂತಿ ತಂದು ಹಣೆತುಂಬ ಬಳಿದು ಹೋದರು. ಆ ಮನೆಯಲ್ಲಿ ಹಗಲು ಹೊತ್ತು ಹೆಣ್ಣು ಮಲಗಿದ್ದಾಳೆ ಅಂದರೆ ಒಂದೋ ಜ್ವರ, ಇಲ್ಲವೇ ಬಾಣಂತಿ. ಮೂರನೆಯ ಕಾರಣ ಯಾರೂ ಕೇಳಿರಲಿಲ್ಲ.

ಹಾಗಂತ ಅವರಿಗೆ ದಣಿವು ಗೊತ್ತಿರಲಿಲ್ಲ ಅಂತಲ್ಲ. ದಣಿದರೆ ಕೂರುತ್ತಿದ್ದರು. ಕೂತರೆ ಕೈಗೆ ಏನಾದರೂ ಬೇಕು. ಅಕ್ಕಿಯ ಕಲ್ಲು, ಹುಣಸೆಹಣ್ಣಿನ ಬೀಜ, ದೇವರ ಬತ್ತಿ, ಬೇಸಿಗೆಯಾದರೆ ಶಾವಿಗೆ. ನಿಂತು ಮಾಡುವುದು ಕೆಲಸ, ಕೂತು ಮಾಡುವುದು ಸುಧಾರಿಸಿಕೊಳ್ಳುವುದು. ಈ ಭಾಗದ ಹೆಂಗಸರ ಲೆಕ್ಕ ಇಂದಿಗೂ ಇದೇ.

ನನಗೆ ಆ ಲೆಕ್ಕ ಬಗೆಹರಿಯಲಿಲ್ಲ. ಆಗಷ್ಟೇ ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿ ಸೇರಿದ್ದೆ. ಸಂಜೆ ಬಂದವಳಿಗೆ ಕಾಲು ನಿಲ್ಲುತ್ತಿರಲಿಲ್ಲ. ಆಗ ನನ್ನ ನೆಗೆಣ್ಣಿ, ಇಪ್ಪತ್ನಾಲ್ಕೋ ಇಪ್ಪತ್ತೈದೋ ವಯಸ್ಸು, ಒಂದು ಉಪಾಯ ಮಾಡಿದಳು. ನನ್ನನ್ನು ಪಡಸಾಲೆಯ ಕಂಬಕ್ಕೆ ಒರಗಿಸಿ ಕೂರಿಸಿ ಮುಂದೆ ಒಂದು ಮೊರದ ತುಂಬ ಅವರೆಕಾಯಿ ಇಡುತ್ತಿದ್ದಳು. "ನೀ ರೆಸ್ಟ್ ತಗೋ ಅಕ್ಕ, ನಾ ಕಾಯ್ತೀನಿ." ನಾನು ಕಣ್ಣು ಮುಚ್ಚುತ್ತಿದ್ದೆ. ಅತ್ತೆಯವರ ಕಾಲಸದ್ದು ಕೇಳಿದರೆ ಅವಳು ಕೆಮ್ಮುವಳು, ನಾನು ಮೊರದಲ್ಲಿ ಕೈಯಾಡಿಸುವೆ. ನನ್ನ ಪಾಲಿನ ಅವರೆಕಾಯನ್ನು ಸುಲಿದವಳೂ ಅವಳೇ, ನನ್ನ ಪಾಲಿನ ರೊಟ್ಟಿ ಬಡಿದವಳೂ ಅವಳೇ. ನನಗೆ ಇಂದಿಗೂ ಒಂದು ನೆಟ್ಟಗಿನ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬುದು ಅತ್ತೆಯವರಿಗೆ ಸಾಯುವ ತನಕ ಗೊತ್ತಾಗಲಿಲ್ಲ.

ಅವಳು ಕಲಿತ ಮೊದಲ ಇಂಗ್ಲಿಷ್ ಪದ ಅದೇ. ಆದರೆ ಅದನ್ನು ಒಮ್ಮೆಯೂ ತನಗಾಗಿ ಬಳಸಿದವಳಲ್ಲ.

ಈಗಂತೂ ಆ ಪದ ಯಾರ ಬಾಯಲ್ಲಿಲ್ಲ? ಬೋರಿನ ಮೋಟರಿಗೆ ಮಧ್ಯಾಹ್ನ ರೆಸ್ಟ್ ಕೊಡುತ್ತಾರೆ. ಎರಡು ವರ್ಷ ಮೆಕ್ಕೆಜೋಳ ಬೆಳೆದ ಹೊಲಕ್ಕೂ ರೆಸ್ಟ್. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ್ನು ಯಾವಾಗ ಬಿಡುತ್ತೀರಿ ಅಂತ ಕೇಳಿದರೆ "ಡ್ರೈವರ್ರು ರೆಸ್ಟ್‌ನ್ಯಾಗ ಅದಾರ್ರಿ" ಅನ್ನುತ್ತಾನೆ, ಡ್ರೈವರ್ರು ಎದುರಿನ ಹೋಟೆಲಿನಲ್ಲಿ ಮೆಣಸಿನಕಾಯಿ ಬಜ್ಜಿ ಮಂಡಕ್ಕಿ ತಿನ್ನುತ್ತಿರುತ್ತಾರೆ. ಕಾಲೇಜು ಓದುವ ಮೊಮ್ಮಗಳಿಗೆ ರೆಸ್ಟ್ ಹಳೆಯದಾಗಿ ಹೋಯಿತು, ಅವಳದು "ಚಿಲ್ ಮಾಡಜ್ಜಿ." ನನ್ನ ಮೈದುನ ಮಗನಿಗೆ ಅಂಗಡಿ ಒಪ್ಪಿಸಿದಾಗಿನಿಂದ, ಅಂದರೆ ಹದಿನೈದು ವರ್ಷದಿಂದ, ಮನೆಮುಂದಿನ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತು, ಬಂದವರಿಗೆಲ್ಲ "ನಂದೇನೈತ್ರಿ, ರೆಸ್ಟ್‌ನ್ಯಾಗ ಅದೀನಿ" ಎನ್ನುತ್ತಾನೆ. ಮೋಟರಿಗೆ, ಹೊಲಕ್ಕೆ, ಡ್ರೈವರಿಗೆ, ಗಂಡನಿಗೆ ಎಲ್ಲರಿಗೂ ಸಿಕ್ಕ ವಸ್ತು ಈಗ ಕೈ ಮುರಿದ ಮೇಲೆ ಡಾಕ್ಟರ ಚೀಟಿಯಲ್ಲಿ ಇವಳ ಹೆಸರಿಗೆ ಬಂದಿತ್ತು.

*

ಮೊದಲ ವಾರ ನೋಡಲು ಬರುವವರ ಗಲಾಟೆ. ನಮ್ಮಲ್ಲಿ ಯಾರಾದರೂ ಮಲಗಿದರೆ ಓಣಿಯವರೆಲ್ಲ ಒಂದೊಂದು ಬ್ರೆಡ್ ಪ್ಯಾಕೆಟ್ಟು, ಅರ್ಧ ಡಜನ್ ಬಾಳೆಹಣ್ಣು ಹಿಡಿದು ಬರಲೇಬೇಕು. ಬಂದವರು ಬಿದ್ದದ್ದು ಹೇಗೆ ಎಂದು ಕೇಳುತ್ತಾರೆ, ಇವಳು ಎದ್ದು ಬಿದ್ದು ತೋರಿಸುತ್ತಾಳೆ. ನಾನು ಕೂರು ಕೂರು ಅನ್ನುತ್ತಲೇ ಇರುತ್ತಿದ್ದೆ.

ಎಂಟನೆಯ ದಿನ ಕಣ್ಣು ತೋರಿಸಲು ನಾನು ಹರಪನಹಳ್ಳಿಗೆ ಹೋದೆ. ಸಂಜೆ ಐದಕ್ಕೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿಂದ ಒಂದು ಸದ್ದು. ಟಕ್. ಟಕ್. ಟಕ್.

ಪಡಸಾಲೆಯಲ್ಲಿ ಓಣಿಯ ಐದು ಜನ ಹೆಂಗಸರು ಸುತ್ತ ಕೂತಿದ್ದರು. ನಡುವೆ ಶೇಂಗಾ ಸಿಪ್ಪೆಯ ಗುಡ್ಡೆ. ತಂಬ್ರಹಳ್ಳಿ ಹೊಲಕ್ಕೆ ಬಿತ್ತಲು ಇಟ್ಟಿದ್ದ ಚೀಲ ಖಾಲಿಯಾಗಿ ಮಡಚಿ ಬಿದ್ದಿತ್ತು. ಬಿತ್ತನೆಯ ಶೇಂಗಾವನ್ನು ಮಿಷನ್ನಿಗೆ ಹಾಕುವಂತಿಲ್ಲ, ಕಾಳು ಒಡೆದರೆ ಮೊಳೆಯುವುದಿಲ್ಲ. ಕೈಯಲ್ಲೇ ಸುಲಿಯಬೇಕು. ಮಾತಾಡಲು ಬಂದವರು ಬರಿಗೈಲಿ ಕೂರುವುದು ಹೇಗೆ? ಯಾರೋ ಚೀಲ ಎಳೆದಿದ್ದಾರೆ. ಎಲ್ಲರೂ ಸುಲಿದಿದ್ದಾರೆ. ಎಲ್ಲರಿಗಿಂತ ಜೋರಾಗಿ ಸುಲಿದವಳು ನನ್ನ ನೆಗೆಣ್ಣಿ. ಎಡಗೈಯಿಂದ ಕಾಯನ್ನು ಕಲ್ಲಿನ ಮೇಲೆ ಇಡುವುದು, ಮೇಲಿಂದ ಪ್ಲಾಸ್ಟರು ಇಳಿಸುವುದು. ಟಕ್. ಸಿಪ್ಪೆ ಬಿರುಕು ಬಿಡುತ್ತದೆ, ಕಾಳು ಇಡಿಯಾಗಿ ಹೊರಬರುತ್ತದೆ.

ಎದುರುಮನೆಯ ಅಜ್ಜಿ, ಎಂಬತ್ತು ದಾಟಿದವಳು, ಎಲೆಅಡಿಕೆಯ ಕೆಂಪು ಬಾಯಿ ಬಿಟ್ಟು ನಕ್ಕಳು. "ನೋಡ್ರಿ ಟೀಚರಮ್ಮಾರ, ಡಾಕ್ಟ್ರು ಎಂಥಾ ಚಲೋ ಕುಟ್ಟಾಣಿ ಕಟ್ಟಿ ಕಳಿಸ್ಯಾರ! ನಂಗೂ ಒಂದು ಕಟ್ಟಾಕ ಹೇಳ್ರಿ, ಅಡಿಕಿ ಕುಟ್ಟಾಕ ಬೇಕು."

"ವಾಟ್ ಈಸ್ ದಿಸ್!" ನನ್ನ ದನಿಗೆ ಹಿತ್ತಲಿನ ಕೋಳಿ ಹಾರಿತು. "ಹ್ಯಾವ್ ಯೂ ಗಾನ್ ಮ್ಯಾಡ್?"

"ಬಂತು ನೋಡ್ರಿ ಇಂಗ್ಲಿಷು," ಯಾರೋ ಪಿಸುಗುಟ್ಟಿದರು. "ಸಿಟ್ಟು ನೆತ್ತಿಗೇರೈತಿ."

ನೆಗೆಣ್ಣಿ ಪ್ಲಾಸ್ಟರನ್ನು ಸೆರಗಿನೊಳಗೆ ಸೇರಿಸಿದಳು. "ಕುಂತಲ್ಲೇ ಕುಂತೀನಲ್ಲಕ್ಕ? ಬೆಳಗ್ಗಿಂದ ಎದ್ದಿಲ್ಲ. ಬೇಕಾರ ಇವರನ್ನ ಕೇಳು. ರೆಸ್ಟ್‌ನ್ಯಾಗ ಅದೀನಿ."

"ಹೌದ್ರಿ, ಎದ್ದಿಲ್ರಿ," ಎಂದು ಐದೂ ಜನ ಸಾಕ್ಷಿ ಹೇಳಿದರು. ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ನಾನು ಸೆರಗು ಸರಿಸಿ ಪ್ಲಾಸ್ಟರನ್ನು ಬೆಳಕಿಗೆ ಹಿಡಿದೆ. ಮಣಿಕಟ್ಟಿನ ಸುತ್ತ ಒಂದು ಬಿರುಕು, ಬಳೆಯ ಹಾಗೆ. ಹೊರಗೆ ಕಾಣುವ ಬೆರಳುಗಳು ಊದಿದ್ದವು. ಅವಳೂ ನೋಡಿದಳು. ನಗುತ್ತಿದ್ದ ಬಾಯಿ ಹಾಗೇ ನಿಂತಿತು. ಸಿಪ್ಪೆಯ ನಡುವೆ ಬಿದ್ದಿದ್ದ ಬಿಳಿ ಪುಡಿಯನ್ನು ಎಡಗೈ ಬೆರಳಿನಿಂದ ಮುಟ್ಟಿ, "ಇದು ಇದರದೇನು?" ಅಂದಳು.

ಮರುದಿನ ಮೊದಲ ಬಸ್ಸಿಗೆ ಮತ್ತೆ ಹಗರಿಬೊಮ್ಮನಹಳ್ಳಿಗೆ ಹೋದೆವು. ಡಾಕ್ಟರು ಪ್ಲಾಸ್ಟರು ಕತ್ತರಿಸಿ ಬಿಡಿಸಿದಾಗ ಒಳಗಿಂದ ಒಂದು ಶೇಂಗಾಕಾಳು ಟೇಬಲ್ಲಿನ ಮೇಲೆ ಉದುರಿತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದು ಯಾವ ಮಾತ್ರೆ ಅಜ್ಜಿ? ನಾನು ಬರ್ದಿರ್ಲಿಲ್ಲವಲ್ಲ."

ಎಕ್ಸ್‌ರೇ ನೋಡಿದ ಮೇಲೆ ಅವರು ತಮಾಷೆ ಮಾಡಲಿಲ್ಲ. ಮೂಳೆ ಕೂದಲೆಳೆಯಷ್ಟು ಸರಿದಿತ್ತು. ಎಳೆದು ಸರಿಮಾಡಿ ಹೊಸ ಪ್ಲಾಸ್ಟರು ಹಾಕಿದರು. ಆರು ವಾರ ಮತ್ತೆ ಮೊದಲಿನಿಂದ ಶುರು. "ಇನ್ನೊಂದ್ಸಲ ಸರಿದ್ರೆ ನನ್ನ ಕೈಲಿ ಏನೂ ಇಲ್ಲ," ಎಂದು ನನ್ನ ಮುಖ ನೋಡಿ ಹೇಳಿದರು. ವಾಪಸು ಬರುವಾಗ ಬಸ್ಸು ಕೊಟ್ಟೂರು ಸಮೀಪಿಸಿದಾಗ ನೆಗೆಣ್ಣಿ, "ನಂಗ ಅದು ಬರಂಗಿಲ್ಲಕ್ಕ" ಅಂದಳು. "ಯಾವುದು?" ಎಂದೆ. "ಅದಽ. ರೆಸ್ಟು. ಯಾರೂ ಕಲಿಸಿಲ್ಲಲ್ಲ."

ಕಲಿಸುವುದು ನನ್ನ ಕಸುಬು. ನಿವೃತ್ತಿಯ ದಿನ ಮಕ್ಕಳು ಕೊಟ್ಟಿದ್ದ ಹಿತ್ತಾಳೆಯ ಕೈಗಂಟೆ ಅಟ್ಟದಲ್ಲಿತ್ತು. ಇಳಿಸಿ ಹುಣಸೆಹಣ್ಣಿನಿಂದ ಉಜ್ಜಿದೆ.

*

ಮಧ್ಯಾಹ್ನ ಎರಡು ಗಂಟೆ. ಪಡಸಾಲೆಯಲ್ಲಿ ಹಿತ್ತಲ ಗಾಳಿ ಬರುವ ಕಡೆ ಚಾಪೆ ಹಾಸಿ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಇಟ್ಟು ಗಂಟೆ ಬಾರಿಸಿದೆ. "ಐಸ್ ಶಟ್. ಮೌತ್ ಶಟ್."

"ಕಣ್ಣು ಮುಚ್ಚಿ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ."

"ಏನೂ ಮಾಡದಂಗ ಇರೂದು ಹೆಂಗ ಮಾಡೂದು?"

"ಸುಮ್ಮನ ಮಕ್ಕೋ."

ಒಂದು ನಿಮಿಷ. "ಅಕ್ಕ, ಮನಸ್ಸಿನ್ಯಾಗ ರೊಟ್ಟಿ ಬಡೀಲೇನು?"

"ಬಡಿ. ಕೈ ಮಾತ್ರ ಅಲುಗಾಡಬಾರದು."

ಬಲಗೈ ಅಲುಗಾಡಲಿಲ್ಲ. ಎಡಗೈ ಚಾಪೆಯ ಮೇಲೆ ಹಿಟ್ಟು ತಿರುಗಿಸುತ್ತಿತ್ತು. ನಾನು ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದುಕೊಂಡೆ. ಅರವತ್ತೊಂಬತ್ತು ವರ್ಷದ ಕೈ ಹಿಡಿದಿಟ್ಟರೆ ಸಿಕ್ಕಿಬಿದ್ದ ಹಕ್ಕಿಯ ಹಾಗೆ ಒಳಗೊಳಗೇ ಮಿಡುಕುತ್ತದೆ.

ಬಾಗಿಲಿಗೆ ಒಂದು ರಟ್ಟು ನೇತುಹಾಕಿದೆ. 'ರೆಸ್ಟ್ ಟೈಮ್ 2ರಿಂದ 4. ದಯವಿಟ್ಟು ಆಮೇಲೆ ಬನ್ನಿ.' ಗುಂಡುಗುಂಡಾದ ಕಾನ್ವೆಂಟ್ ಅಕ್ಷರ. ಮರುದಿನ ಎರಡೂಕಾಲಿಗೇ ಎದುರುಮನೆಯ ಅಜ್ಜಿ ಕೋಲೂರಿಕೊಂಡು ಒಳಗೆ ಬಂದಳು.

"ಬೋರ್ಡು ಓದಲಿಲ್ಲೇನಬೇ?" ಎಂದು ನಾನು ಪಿಸುಗುಟ್ಟಿದೆ.

"ನಂಗ ಓದಾಕ ಎಲ್ಲಿ ಬರ್ತೈತಿ? ಓದಿದೋರು ಹೇಳಿದ್ರು, ಟೀಚರಮ್ಮ ರೆಸ್ಟ್ ಕಲಸಾಕತ್ಯಾರ ಅಂತ. ಹೆಂಗ ತಗೋತಾಳ ನೋಡಾಕ ಬಂದೀನಿ." ಅವಳು ನೆಗೆಣ್ಣಿಯ ತಲೆಯ ಹತ್ತಿರ ಕೂತು ಬಗ್ಗಿ ನೋಡಿದಳು. "ನಿದ್ದಿ ಬಂತಾ?"

"ಬರ್ತಿತ್ತು, ನೀ ಬಂದಿ," ಎಂದಳು ಮುಚ್ಚಿದ ಕಣ್ಣಿನ ನೆಗೆಣ್ಣಿ.

ಅಜ್ಜಿ ಸ್ವಲ್ಪ ಹೊತ್ತು ಅವಳನ್ನೂ ಚಾಪೆಯನ್ನೂ ಹಿತ್ತಲಿನಿಂದ ಬರುವ ಗಾಳಿಯನ್ನೂ ತೂಗಿ ನೋಡಿದಳು. ಆಮೇಲೆ ಕೋಲನ್ನು ಗೋಡೆಗೆ ಆನಿಸಿದಳು.

"ನಂಗೂ ಒಂದು ಚಾಪಿ ಹಾಕ್ರಿ ಅತ್ಲಾಗ. ನಾಲ್ಕು ಹೆತ್ತಾಗ ಮಕ್ಕೊಂಡಿದ್ದು, ಆಮ್ಯಾಲ ಹಗಲಿನ್ಯಾಗ ಮಕ್ಕೊಂಡೇ ಇಲ್ಲ."

ಹೀಗೆ ಶುರುವಾದದ್ದು. ಒಂದು ವಾರದೊಳಗೆ ನಮ್ಮ ಪಡಸಾಲೆಯಲ್ಲಿ ಆರು ಚಾಪೆ. ಶೇಂಗಾ ಸುಲಿದ ಅದೇ ಗುಂಪು. ಸುಲಿಯಲು ಏನೂ ಇಲ್ಲದೆ ಬರುವುದಕ್ಕೆ ಮೊದಲೆರಡು ದಿನ ಅವರಿಗೆ ನಾಚಿಕೆ. ಒಬ್ಬಾಕೆ ಬತ್ತಿಯ ಹತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು, ನಾನು ಬಾಗಿಲಲ್ಲೇ ಕಿತ್ತಿಟ್ಟುಕೊಂಡೆ. ಪರೀಕ್ಷೆಯ ಹಾಲಿನಲ್ಲಿ ಚೀಟಿ ಹಿಡಿದ ಅನುಭವ ಸುಮ್ಮನೆ ಹೋಗುವುದಿಲ್ಲ. ಗಂಟೆ ಬಾರಿಸಿ ಬರಿಗಾಲಲ್ಲಿ ಆಚೆಯಿಂದೀಚೆ ನಡೆಯುತ್ತಿದ್ದೆ. ಒಂದು ತುದಿಯಲ್ಲಿ ಯಾರದೋ ಸೊಸೆಯ ಸುದ್ದಿ ಪಿಸುಪಿಸು ಎಂದು ಹೊರಟು ಚಾಪೆಯಿಂದ ಚಾಪೆಗೆ ಹಾದು ಇನ್ನೊಂದು ತುದಿ ಸೇರುತ್ತಿತ್ತು. "ಸೈಲೆನ್ಸ್!" ಅನ್ನುತ್ತಿದ್ದೆ. ಒಂದು ಕ್ಷಣ ಎಲ್ಲ ಗಪ್ಪು. ಆಮೇಲೆ ಯಾರೋ ಒಬ್ಬರು ಮೂಗಿನಲ್ಲಿ ನಗುತ್ತಾರೆ, ಇಡೀ ಸಾಲು ಅಲುಗಾಡುತ್ತದೆ. ಸಿಸ್ಟರ್ ನೆನಪಾಗುತ್ತಿದ್ದರು. ಅವರೂ ಆಗ ತಿರುಗಿ ನಿಂತು ನಗುತ್ತಿದ್ದಿರಬೇಕು. ನಾವು ಅವರ ಬೆನ್ನು ಮಾತ್ರ ನೋಡುತ್ತಿದ್ದೆವು.

ಮೂರು ಗಂಟೆಗೆ ಚಹಾ ಕುಡಿಯಲು ಒಳಗೆ ಬಂದ ಮೈದುನ ಹೊಸ್ತಿಲಲ್ಲೇ ನಿಂತ. "ಇದೇನು ಮನಿಯೋ, ಆಸ್ಪತ್ರಿಯೋ?"

ಅಜ್ಜಿ ಕಣ್ಣು ತೆರೆಯಲಿಲ್ಲ. "ಯಜಮಾನ್ರ, ನೀವು ಕಟ್ಟಿ ಮ್ಯಾಲ ಹದಿನೈದು ವರ್ಷದಿಂದ ತಗೊಂಡೀರಿ. ನಮಗ ಎರಡು ತಾಸು ಬಿಡ್ರಿ. ಚಾ ನೀವ ಇಡ್ರಿ ಇವತ್ತು. ಏಳು ಕಪ್ಪು."

ಅವನು ಇಟ್ಟ. ಪಾಯಸದಷ್ಟು ಸಿಹಿ ಇತ್ತು. ಏಳೂ ಜನ ಕುಡಿದೆವು.

ಬೆಳಗಿನ ಹೊತ್ತು ನನ್ನ ಪಾಠ ಅವಳಿಂದ. ಮನೆಗೆ ರೊಟ್ಟಿ ಬೇಕಲ್ಲ. ಸೊಸೆಗೆ ಮಕ್ಕಳ ಡಬ್ಬಿಯೇ ಹರಿಯುವುದಿಲ್ಲ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಹಲಗೆಯ ಮುಂದೆ ನಿಂತೆ. ನೆಗೆಣ್ಣಿ ಕುರ್ಚಿಯಲ್ಲಿ, ಇನ್ಸ್‌ಪೆಕ್ಟರ ಗತ್ತಿನಲ್ಲಿ.

"ಬಡಿ ಅಂದ್ರ ಬಡೀಬೇಕಕ್ಕ. ಕೂಸಿನ ಕೆನ್ನಿ ಸವರಿದಂಗ ಸವರಬ್ಯಾಡ."

"ಬಡೀತಾ ಇದೀನಲ್ಲೇ."

"ತಿರುಗಿಸು, ತಿರುಗಿಸು... ಹೋತು. ಕೂಡ್ಲಿಗಿ ತಾಲೂಕು ಆತು."

ನಕಾಶೆಯ ಲೆಕ್ಕದಲ್ಲಿ ಅಂಚು ಹರಿದು ಉದ್ದಾದರೆ ಹಡಗಲಿ. ದೊಡ್ಡದಾಗಿ ನಡುವೆ ತೂತು ಬಿದ್ದರೆ ಹರಪನಹಳ್ಳಿ. ಎಲ್ಲ ಕಡೆಗೂ ಮೂಲೆ ಬಂದರೆ ಕೂಡ್ಲಿಗಿ. ತಾಟಿನ ಮುಂದೆ ಕೂತ ಮೈದುನ "ಇವತ್ತು ಯಾವ ತಾಲೂಕು?" ಎಂದು ಕೇಳಿ, ಸುಮ್ಮನೆ ಚಟ್ನಿಪುಡಿ ಎಣ್ಣೆ ಕಲಸಿಕೊಂಡು ತಿನ್ನುತ್ತಿದ್ದ. ನಗುತ್ತಿದ್ದವಳು ನೆಗೆಣ್ಣಿ. ಆದರೆ ನನ್ನ ಕೈ ಹಲಗೆಯ ಮೇಲೆ ಬಿದ್ದಾಗಲೆಲ್ಲ ಅವಳ ಕಣ್ಣು ತನ್ನ ಪ್ಲಾಸ್ಟರಿಗೆ ಹೋಗಿ ಬರುತ್ತಿತ್ತು. ನೋಡಿಯೂ ನೋಡದ ಹಾಗೆ ನಾನು ಇನ್ನೊಂದು ಉಂಡೆಗೆ ಕೈಹಾಕುತ್ತಿದ್ದೆ.

ನಾಲ್ಕನೆಯ ವಾರದಲ್ಲಿ ಅವಳ ಅಕ್ಕ ಹಡಗಲಿಯಿಂದ ನೋಡಲು ಬಂದಳು. ಹಡಗಲಿಯವರು ಬ್ರೆಡ್ಡು ತರುವುದಿಲ್ಲ, ಮಲ್ಲಿಗೆ ತರುತ್ತಾರೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೇರುಗಟ್ಟಲೆ ಮೊಗ್ಗು. ಕಟ್ಟಿಯೇ ತರಬಹುದಿತ್ತು, ಆದರೆ ಮಾತಾಡುತ್ತ ಕಟ್ಟುವ ಸುಖವೇ ಬೇರೆ ಅಂತ ಅವರ ಲೆಕ್ಕ. ಅವಳು ಮೂರರ ಬಸ್ಸಿಗೆ ಹೋದ ಮೇಲೆ ಮೊಗ್ಗಿನ ಗಂಟು ಹಾಗೇ ಉಳಿಯಿತು. ಆ ದಿನ ಯಾರದೋ ಮನೆಯ ಸೀಮಂತ, ಚಾಪೆಗಳೆಲ್ಲ ಖಾಲಿ. ನೆಗೆಣ್ಣಿ ಒಬ್ಬಳೇ ಮಲಗಿದ್ದಳು.

"ಅಕ್ಕ, ಹೂ ಬಿರಿಯಾಕತ್ತಾವ."

"ಬಿರೀಲಿ."

"ಬಿರಿದ ಮ್ಯಾಲ ಕಟ್ಟಾಕ ಬರಂಗಿಲ್ಲ. ಕಾಲಬೆರಳಿಗೆ ದಾರ ಸಿಕ್ಕಿಸಿ ಎಡಗೈಲೇ ಕಟ್ಟತೀನಿ. ಬಲಗೈ ಮುಟ್ಟಂಗಿಲ್ಲ, ಆಣಿ."

ನಾನು ಒಲ್ಲೆ ಎನ್ನುವ ಮೊದಲೇ ಅವಳೇ ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿದಳು. ಶೇಂಗಾಕಾಳು ನೆನಪಾಗಿರಬೇಕು. ನಾನು ಗಂಟು ಬಿಚ್ಚಿ, ಕಟ್ಟದ ಆ ಮೊಗ್ಗನ್ನೆಲ್ಲ ಅವಳ ದಿಂಬಿನ ಮೇಲೆ, ತಲೆಯ ಸುತ್ತ ಸುರಿದೆ. ಒಂದೊಂದಾಗಿ ಬಿರಿಯುತ್ತ ಹೋದವು. ಅವಳ ಬಾಯಿ ಸ್ವಲ್ಪ ತೆರೆಯಿತು. ಎಡಗೈ ಚಾಪೆಯ ಮೇಲೆ ಅಂಗಾತ ಬಿದ್ದಿತ್ತು, ಯಾವುದನ್ನೂ ತಿರುಗಿಸದೆ.

ಒಂದೇ ಸೂರಿನ ಕೆಳಗೆ ನಲವತ್ತೈದು ವರ್ಷ. ಹಗಲು ಬೆಳಕಿನಲ್ಲಿ ಅವಳು ನಿದ್ದೆ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಬೈತಲೆ ಎಷ್ಟು ಅಗಲವಾಗಿದೆ! ಮೂಗುಬೊಟ್ಟಿನ ಪಕ್ಕ ಒಂದು ಮಚ್ಚೆ ಇದೆ, ಅದೂ ನನಗೆ ಗೊತ್ತಿರಲಿಲ್ಲ. ಆ ದಿನ ನಾಲ್ಕಕ್ಕೆ ನಾನು ಗಂಟೆ ಬಾರಿಸಲಿಲ್ಲ. ಐದೂವರೆಗೆ ಅವಳೇ ಎದ್ದಳು.

*

ಪ್ಲಾಸ್ಟರು ಬಿಚ್ಚಿದ ದಿನ ಕೈ ಸಣ್ಣಗೆ, ಬಿಳಿಚಿಕೊಂಡು ಬೇರೆ ಯಾರದೋ ಕೈಯಂತೆ ಕಂಡಿತು. ಡಾಕ್ಟರು ಮೆಲ್ಲಗೆ ಮಡಚಿದರು, ತಿರುಗಿಸಿದರು. ನೆಗೆಣ್ಣಿ ಅವರ ಮುಖವನ್ನೇ ನೋಡುತ್ತಿದ್ದಳು, ನಾನು ಅವಳ ಮುಖವನ್ನು.

"ಚೆನ್ನಾಗಿ ಕೂತಿದೆ ಅಜ್ಜಿ. ಆದ್ರೆ ಮೊದಲಿನಷ್ಟು ಶಕ್ತಿ ಬರುತ್ತೋ ಇಲ್ವೋ ನೋಡ್ಬೇಕು. ದಿನಾ ಇದನ್ನ ಹಿಸುಕಿ," ಎಂದು ಒಂದು ಸ್ಪಂಜಿನ ಚೆಂಡು ಕೊಟ್ಟರು.

ಚೆಂಡು ಆ ಸಂಜೆಯೇ ಮೊಮ್ಮಗನ ಪಾಲಾಯಿತು. ಅವಳು ಹಿಸುಕಿದ್ದು ಜೋಳದ ಹಿಟ್ಟಿನ ಉಂಡೆ. ಮೊದಲು ನಿಂಬೆಹಣ್ಣಿನಷ್ಟು, ಆಮೇಲೆ ಕಿತ್ತಳೆಯಷ್ಟು. ಹದಿನೈದು ದಿನ ಹೀಗೆ. ಮಳೆ ಬಂತು, ತಂಬ್ರಹಳ್ಳಿ ಹೊಲಕ್ಕೆ ಆ ಶೇಂಗಾ ಬಿದ್ದು ಮೊಳಕೆಯೂ ಬಂತು. ಒಂದು ಬೆಳಿಗ್ಗೆ ನಾನು ಅಡುಗೆಮನೆಗೆ ಬರುವ ಹೊತ್ತಿಗೆ ಅವಳು ಹಲಗೆಯ ಮುಂದೆ ನಿಂತಾಗಿತ್ತು. ಹಸಿರು ಬಳೆ ಬಲಗೈಗೆ ಮರಳಿದ್ದವು.

ನಾನು ಬಾಗಿಲಲ್ಲೇ ನಿಂತೆ. ಪಟ್. ಪಟ್. ನಡುವೆ ಬಹಳ ಹೊತ್ತು. ಮತ್ತೆ ಪಟ್. ಆಮೇಲೆ ಕೈಗೆ ಹಳೆಯ ದಾರಿ ಸಿಕ್ಕಿತು. ಉಂಡೆ ಹರಡಿತು, ತಿರುಗಿತು, ಗುಂಡಗಾಯಿತು. ಮೊದಲಿನಷ್ಟು ತೆಳುವಲ್ಲ. ಆದರೂ ಅದು ಅವಳ ರೊಟ್ಟಿ. ಹೆಂಚಿನ ಮೇಲೆ ಉಬ್ಬಿತು.

ಓಣಿಯ ಆಚೆಯಿಂದ ಅಜ್ಜಿಯ ಕೂಗು ಬಂತು. "ಯವ್ವಾ! ಅದು ನಿಂದೇನು, ಟೀಚರಮ್ಮಂದೇನು?"

"ನಂದಬೇ!" ನೆಗೆಣ್ಣಿ ಕಿಟಕಿಗೆ ಬಾಗಿ ಕೂಗಿದಳು.

"ಮತ್ತ ಹಂಗನ್ನು. ಸದ್ದಿಗೇ ಗೊತ್ತಾತು ನಂಗ."

ಎರಡನೆಯದೂ ಬಂತು. ಮೂರನೆಯ ಉಂಡೆ ಅರ್ಧ ಹರಡಿದಾಗ ಕೈ ನಿಂತಿತು. ಮಣಿಕಟ್ಟು ಹಿಡಿದುಕೊಂಡು ಅವಳು ಒಂದು ಗಳಿಗೆ ಯೋಚಿಸಿದಳು. ಹಿಂದಿನವಳಾಗಿದ್ದರೆ ತುಟಿ ಕಚ್ಚಿ ಮೂವತ್ತು ರೊಟ್ಟಿಯನ್ನೂ ಮುಗಿಸುತ್ತಿದ್ದಳು. ಈಗ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಹೊಸ್ತಿಲ ಪಕ್ಕ ಸುರುಳಿ ಸುತ್ತಿ ನಿಲ್ಲಿಸಿದ್ದ ಚಾಪೆಯನ್ನು ಕಾಲಿನಿಂದ ಬಿಡಿಸಿ ಹಾಸಿದಳು.

"ಎರಡು ಸಾಕು ಇವತ್ತಿಗೆ. ಇನ್ನುಳಿದವು ನೀ ಬಡಿ ಅಕ್ಕ," ಅಂದಳು. "ನಾ ಈಟು ರೆಸ್ಟ್ ತಗೋತೀನಿ."

ಬೆಳಿಗ್ಗೆ ಏಳೂಕಾಲು ಗಂಟೆ. ಅತ್ತೆಯವರು ಇದ್ದಿದ್ದರೆ ವಿಭೂತಿ ತರಲು ಓಡುತ್ತಿದ್ದರು. ಅವಳು ಚಾಪೆಯ ಮೇಲೆ ಕಾಲುಚಾಚಿ, ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡು, ಯಾರೂ ಹೇಳದೆ ಕಣ್ಣು ಮುಚ್ಚಿದಳು. ನಾನು ಅವಳು ಅರ್ಧಕ್ಕೆ ಬಿಟ್ಟ ರೊಟ್ಟಿಯ ಮೇಲೆ ಕೈ ಇಟ್ಟೆ. ಎರಡು ಏಟು, ಒಂದು ಸುತ್ತು, ಮತ್ತೆರಡು ಏಟು.

"ಎಲ್ಲಾ ಕಡೆ ಮೂಲಿ ಬಂತು," ಎಂದಿತು ಹೊಸ್ತಿಲ ಕಡೆಯಿಂದ ಕಣ್ಣು ಮುಚ್ಚಿದ ದನಿ. "ಕೂಡ್ಲಿಗಿ."

ಬಗ್ಗಿ ನೋಡಿದೆ. ಕೂಡ್ಲಿಗಿಯೇ ಆಗಿತ್ತು.